ಗಿರಣಿಯ ಖಾತೆ, ಮೈದಾನದ ಲೆಕ್ಕ

1888ರ ಮಾರ್ಚ್ 24, ಶನಿವಾರ. ಲಂಡನ್ನಿನ ಕೆನಿಂಗ್ಟನ್ ಓವಲ್‌ನಲ್ಲಿ ಎಫ್.ಎ. ಕಪ್ ಫೈನಲ್. ಉತ್ತರದ ಲ್ಯಾಂಕಶೈರ್‌ನಿಂದ ಬಂದಿದ್ದ ಪ್ರೆಸ್ಟನ್ ನಾರ್ತ್ ಎಂಡ್ ತಂಡಕ್ಕೆ ಆಟಕ್ಕೆ ಮೊದಲೇ ಒಂದು ಆಸೆ ಹುಟ್ಟಿತು. ಪಂದ್ಯ ಮುಗಿಯುವ ಹೊತ್ತಿಗೆ ಎಲ್ಲರ ಮೈಯೂ ಕೆಸರಾಗಿರುತ್ತದೆ, ಬಟ್ಟೆ ಮಡಿಯಾಗಿರುವಾಗಲೇ ಕಪ್ಪನ್ನು ಮುಂದಿಟ್ಟುಕೊಂಡು ಫೋಟೊ ತೆಗೆಸಿಕೊಂಡರಾಗದೇ ಎಂದು ಕೇಳಿದರಂತೆ. ರೆಫರಿಯಾಗಿದ್ದ ಮೇಜರ್ ಮ್ಯಾರಿಂಡಿನ್ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷನೂ ಹೌದು. ಮೊದಲು ಗೆಲ್ಲಿ, ಆಮೇಲೆ ನೋಡೋಣ ಎಂಬ ಅರ್ಥದಲ್ಲಿ ಆತ ಉತ್ತರಿಸಿದ ಎಂಬುದು ಅಲ್ಲಿಂದೀಚೆಗೆ ನಡೆದುಬಂದ ಕಥೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೇ ಆಯಿತು. ಎಲ್ಲ ಇಂಗ್ಲಿಷ್ ಆಟಗಾರರೇ ಇದ್ದ, ಪ್ರೆಸ್ಟನ್ನಿಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಕಟ್ಟಿದ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 2-1ರಿಂದ ಗೆದ್ದು ಕಪ್ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ಥೇಮ್ಸ್ ದಂಡೆಯ ಚಳಿಯಲ್ಲಿ ನಿಂತು ದೋಣಿ ಸ್ಪರ್ಧೆ ನೋಡಿದ್ದೇ ಪ್ರೆಸ್ಟನ್ನಿನವರ ಕಾಲು ಮರಗಟ್ಟಿಸಿತು ಎಂಬ ಸಮಜಾಯಿಷಿಯೂ ಹುಟ್ಟಿಕೊಂಡಿತು.

ಆ ಪಂದ್ಯಕ್ಕಿಂತ ದೊಡ್ಡ ಘಟನೆ ಹಿಂದಿನ ದಿನವೇ ಅದೇ ನಗರದಲ್ಲಿ ನಡೆದಿತ್ತು. ಫ್ಲೀಟ್ ಸ್ಟ್ರೀಟಿನ ಆ್ಯಂಡರ್ಟನ್ಸ್ ಹೋಟೆಲಿನಲ್ಲಿ ಕೆಲವು ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ, ವರ್ಷವಿಡೀ ತಮ್ಮತಮ್ಮಲ್ಲೇ ಗೊತ್ತುಪಡಿಸಿದ ದಿನಗಳಂದು ಆಡುವ ಒಂದು ಕೂಟ ಕಟ್ಟುವ ಮಾತಾಡಿದ್ದರು. ಆ ಕೂಟವೇ ಫುಟ್‌ಬಾಲ್ ಲೀಗ್. ಓವಲ್‌ನಲ್ಲಿ ಮುಖಭಂಗವಾದ ಪ್ರೆಸ್ಟನ್, ಲೀಗಿನ ಮೊದಲ ಋತುವಿನಲ್ಲಿ ಒಂದೇ ಒಂದು ಪಂದ್ಯ ಸೋಲಲಿಲ್ಲ. ಅದೇ ಋತುವಿನಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡದೆ ಕಪ್ಪನ್ನೂ ಗೆದ್ದಿತು. ಆ ತಂಡವನ್ನು ಕಟ್ಟಿದ ಮನುಷ್ಯ ಮಾತ್ರ ಆರು ವರ್ಷಗಳ ನಂತರ ಸೆರೆಮನೆ ಸೇರಿದ. ಈ ಎರಡು ಸಂಗತಿಗಳನ್ನೂ ಬೆಸೆದ ಎಳೆ ಹತ್ತಿ ನೂಲಿನದು.

ಪ್ರೆಸ್ಟನ್ ರಿಬಲ್ ನದಿಯ ದಂಡೆಯ ಊರು. ನೂಲುವ ಯಂತ್ರದಿಂದ ಹೆಸರು ಮಾಡಿದ ರಿಚರ್ಡ್ ಆರ್ಕ್‌ರೈಟ್ 1732ರಲ್ಲಿ ಹುಟ್ಟಿದ್ದು ಇಲ್ಲೇ. 19ನೇ ಶತಮಾನದ ನಡುವಿಗೆ ಊರಿನ ತುಂಬ ಗಿರಣಿಗಳ ಹೊಗೆಕೊಳವೆಗಳೆದ್ದಿದ್ದವು. ಕೂಲಿ ಹೆಚ್ಚಿಸಿ ಎಂದು ಕೇಳಿದ ಕಾರ್ಮಿಕರನ್ನು 1853-54ರಲ್ಲಿ ಮಾಲೀಕರು ತಿಂಗಳುಗಟ್ಟಲೆ ಬಾಗಿಲಾಚೆ ನಿಲ್ಲಿಸಿದಾಗ ಅದನ್ನು ಕಣ್ಣಾರೆ ಕಾಣಲು ಚಾರ್ಲ್ಸ್ ಡಿಕನ್ಸ್ ಬಂದಿದ್ದ. ಅದೇ ವರ್ಷ ಅವನ ‘ಹಾರ್ಡ್ ಟೈಮ್ಸ್’ ಕಾದಂಬರಿ ಹೊರಬಂತು.

ಮುಂದಿನ ಪೆಟ್ಟು ಕಡಲಾಚೆಯದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದವು, ಲ್ಯಾಂಕಶೈರ್‌ಗೆ ಹತ್ತಿ ಬರುವುದು ನಿಂತಿತು. ಈ ‘ಹತ್ತಿ ಬರ’ದ ಬಿಸಿ ಕನ್ನಡ ನಾಡಿಗೂ ತಟ್ಟಿತ್ತು. ಧಾರವಾಡ, ಹುಬ್ಬಳ್ಳಿ, ಗದಗ ಸುತ್ತಿನ ಎರೆಹೊಲಗಳಲ್ಲಿ ಅಮೆರಿಕದ ಬೀಜದಿಂದ ಬೆಳೆಯುತ್ತಿದ್ದ ‘ಧಾರವಾಡ್-ಅಮೆರಿಕನ್’ ಹತ್ತಿಯ ಮೇಲೆ ಮ್ಯಾಂಚೆಸ್ಟರ್ ವರ್ತಕರ ಕಣ್ಣು ಬಿತ್ತು. ಅದನ್ನು ಹಡಗಿಗೇರಿಸಲು ಹತ್ತಿರದ ಬಂದರು ಬೇಕೆಂಬ ಒತ್ತಾಯದ ನಡುವೆ, 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿ ಕಾರವಾರ ಬಂದರನ್ನು ಬೆಳೆಸುವ ಕೆಲಸಕ್ಕೆ ಕೈಹಾಕಲಾಯಿತು. ಅತ್ತ ಪ್ರೆಸ್ಟನ್ನಿನಲ್ಲಿ ಮಗ್ಗ ನಿಂತು ಬೀದಿಗೆ ಬಿದ್ದ ನೇಕಾರರ ಕೈಗೆ ಗುದ್ದಲಿ ಕೊಟ್ಟು ಪಾರ್ಕುಗಳನ್ನು ಮಾಡಿಸಿದರು. ನಮ್ಮ ಕಡೆಯ ಬರಗಾಲದ ಕಾಮಗಾರಿಯಂಥದೇ ಅದು. ಆಗ ಹೊಸ ರೂಪ ಪಡೆದ ಜಾಗಗಳಲ್ಲಿ ಮೂರ್ ಪಾರ್ಕ್ ಒಂದು. ಅಲ್ಲಿ ಆಡುತ್ತಿದ್ದ ನಾರ್ತ್ ಎಂಡ್ ಎಂಬ ಕ್ರಿಕೆಟ್ ಕ್ಲಬ್ 1875ರಲ್ಲಿ ಎದುರಿಗಿದ್ದ ಡೀಪ್‌ಡೇಲ್ ಎಂಬ ಹೊಲವನ್ನು ಗುತ್ತಿಗೆಗೆ ಹಿಡಿಯಿತು.

ಕ್ರಿಕೆಟ್ಟಿನಿಂದ ರಗ್ಬಿ, ರಗ್ಬಿಯಿಂದ ಫುಟ್‌ಬಾಲ್ ಎಂದು ಕ್ಲಬ್ ಆಟ ಬದಲಾಯಿಸುತ್ತ ಬಂತು. ಅದಕ್ಕೆ ಕಾಲವೂ ಒದಗಿಬಂದಿತ್ತು. ಜವಳಿ ಗಿರಣಿಗಳು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಬೇಕೆಂದು 1850ರ ಕಾರ್ಖಾನೆ ಕಾಯ್ದೆ ಹೇಳಿತ್ತು. 1874ರಲ್ಲಿ ಇನ್ನೊಂದು ಗಂಟೆ ಬಿಡುವು ಸಿಕ್ಕಿತು. ವಾರದ ಕೂಲಿ ಕೈಯಲ್ಲಿ, ಅರ್ಧ ದಿನದ ರಜೆ ಮುಂದೆ: ನೇಕಾರ ಹೋಗಲಿಕ್ಕೆ ಒಂದು ಜಾಗ ಬೇಕಿತ್ತು. ಡೀಪ್‌ಡೇಲಿನ ಬೇಲಿಯ ಬಳಿ ಕಾಸು ತೆತ್ತು ಒಳಗೆ ಹೋಗುವುದು ಊರಿಗೆ ರೂಢಿಯಾಯಿತು.

ಒಳಗೆ ಕಾಣುತ್ತಿದ್ದ ಆಟ ಮಾತ್ರ ಮೊದಮೊದಲು ನೋಡುವಂತಿರಲಿಲ್ಲ. 1881ರಲ್ಲಿ ನೆರೆಯ ಬ್ಲ್ಯಾಕ್‌ಬರ್ನ್ ರೋವರ್ಸ್ ಕೈಯಲ್ಲಿ ಪ್ರೆಸ್ಟನ್ 16-0ರಿಂದ ಏಟು ತಿಂದಿತು. ಕ್ಲಬ್ಬಿನ ಅಧ್ಯಕ್ಷ ವಿಲಿಯಂ ಸುಡೆಲ್ ಈ ಅವಮಾನವನ್ನು ನುಂಗಿ ಸುಮ್ಮನೆ ಕೂರುವವನಲ್ಲ. 1850ರಲ್ಲಿ ಹುಟ್ಟಿದ ಸುಡೆಲ್, ಗುಡೇರ್ ಕುಟುಂಬದ ಹತ್ತಿ ಗಿರಣಿಗಳಲ್ಲಿ ಕೆಲಸಕ್ಕೆ ಸೇರಿ ಮ್ಯಾನೇಜರ್ ಆಗುವ ತನಕ ಮೇಲೇರಿದವನು. ಕಚ್ಚಾ ಮಾಲು ಎಲ್ಲಿ ಚೆನ್ನಾಗಿದೆಯೋ ಅಲ್ಲಿಂದ ತರಿಸಬೇಕು ಎಂಬುದು ಗಿರಣಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಫುಟ್‌ಬಾಲಿನಲ್ಲಿ ಒಳ್ಳೆಯ ಮಾಲು ಇದ್ದದ್ದು ಸ್ಕಾಟ್ಲೆಂಡಿನಲ್ಲಿ.

ಚೆಂಡು ಸಿಕ್ಕವನು ಅದನ್ನು ಕಾಲಿಗಂಟಿಸಿಕೊಂಡೇ ಎದುರಾಳಿಗಳ ನಡುವೆ ನುಗ್ಗುವುದು ಇಂಗ್ಲೆಂಡಿನ ಹಳೆಯ ವರಸೆ. ಸ್ಕಾಟರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಮುಂದೆ ಸಾಗುತ್ತಿದ್ದರು. ಈ ಪಾಸಿಂಗ್ ಆಟ ಮೊದಲು ಹುಟ್ಟಿದ್ದು ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಕ್ಲಬ್ಬಿನಲ್ಲೋ, ಇಂಗ್ಲೆಂಡಿನದೇ ಆದ ಶೆಫೀಲ್ಡಿನಲ್ಲೋ ಅಥವಾ ರಾಯಲ್ ಎಂಜಿನಿಯರ್ಸ್ ಸೇನಾ ತಂಡದಲ್ಲೋ ಎಂಬ ಬಗ್ಗೆ ಇತಿಹಾಸಕಾರರ ನಡುವೆ ಒಮ್ಮತವಿಲ್ಲ. ಅದನ್ನು ಲ್ಯಾಂಕಶೈರ್‌ನ ಗಿರಣಿ ಊರುಗಳಿಗೆ ಹೊತ್ತು ತಂದವರು ಸ್ಕಾಟರು ಎಂಬುದರಲ್ಲಿ ಜಗಳವಿಲ್ಲ. ಆಟ ಕಲಿಸಲು ಬಂದ ಇವರಿಗೆ ‘ಸ್ಕಾಚ್ ಪ್ರೊಫೆಸರುಗಳು’ ಎಂಬ ಅಡ್ಡಹೆಸರೇ ಬಿತ್ತು. ಎಡಿನ್‌ಬರೋದ ಹಾರ್ಟ್ಸ್ ತಂಡದಿಂದ ನಿಕ್ ರಾಸ್ ಬಂದ. ಮನೆಗಳ ಮಾಡಿಗೆ ಕಲ್ಲುಹಲಗೆ ಹೊದಿಸುವುದು ಅವನ ಕಸುಬು. ಅವನ ತಮ್ಮ ಜಿಮ್ಮಿ ರಾಸ್, ಜಾರ್ಜ್ ಡ್ರಮಂಡ್, ಡೇವಿಡ್ ರಸೆಲ್, ಜಾನಿ ಗ್ರಹಾಂ, ಸ್ಯಾಮ್ ಥಾಮ್ಸನ್, ಜ್ಯಾಕ್ ಗಾರ್ಡನ್ ಒಬ್ಬೊಬ್ಬರಾಗಿ ಸೇರಿಕೊಂಡರು. ಸುಡೆಲ್ ಚದುರಂಗದ ಕಾಯಿಗಳನ್ನು ಮೇಜಿನ ಮೇಲೆ ಹರಡಿ ಅವರಿಗೆ ಆಟದ ನಡೆಗಳನ್ನು ವಿವರಿಸುತ್ತಿದ್ದ ಎಂದು ಹೇಳುವುದುಂಟು.

ದುಡ್ಡು ಕೊಟ್ಟು ಆಡಿಸುವುದು ಆಗ ನಿಯಮಕ್ಕೆ ವಿರುದ್ಧ. ದಕ್ಷಿಣದ ಪಬ್ಲಿಕ್ ಸ್ಕೂಲುಗಳಲ್ಲಿ ಓದಿದ, ಹೊಟ್ಟೆಪಾಡಿನ ಚಿಂತೆಯಿಲ್ಲದ ಮಂದಿ ಕಟ್ಟಿದ ಅಸೋಸಿಯೇಷನ್ನಿಗೆ ಫುಟ್‌ಬಾಲ್ ಎಂದರೆ ಹವ್ಯಾಸ. ಉತ್ತರದಲ್ಲಿ ಆಟಗಾರರೇ ಕೂಲಿಕಾರರು. ಅರ್ಧ ದಿನ ಕೆಲಸ ಬಿಟ್ಟರೆ ಅಷ್ಟು ಕೂಲಿ ಖೋತಾ. ಆದ್ದರಿಂದ ಕ್ಲಬ್ಬುಗಳು ಒಳಗೊಳಗೇ ದುಡ್ಡು ಕೊಡುತ್ತಿದ್ದವು, ಕೆಲಸದ ನೆಪದಲ್ಲಿ ಹೊರಗಿನವರನ್ನು ಕರೆತರುತ್ತಿದ್ದವು. ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದ ಗುಟ್ಟು ಅದು.

1884ರ ಜನವರಿಯಲ್ಲಿ ಗುಟ್ಟು ರಟ್ಟಾಯಿತು. ಲಂಡನ್ನಿನ ಹವ್ಯಾಸಿ ತಂಡ ಅಪ್ಟನ್ ಪಾರ್ಕ್ ಕಪ್ ಪಂದ್ಯಕ್ಕಾಗಿ ಡೀಪ್‌ಡೇಲಿಗೆ ಬಂತು. ಪಂದ್ಯ 1-1ರಲ್ಲಿ ಮುಗಿಯಿತು. ಪ್ರೆಸ್ಟನ್ನಿನವರು ಸಂಬಳದ ಆಟಗಾರರು ಎಂದು ಅಪ್ಟನ್ ಪಾರ್ಕ್ ದೂರು ಕೊಟ್ಟಿತು. ವಿಚಾರಣೆಗೆ ಕರೆದಾಗ ಬೇರೆ ಕ್ಲಬ್ಬಿನವರಾಗಿದ್ದರೆ ಇಲ್ಲಸಲ್ಲದ ನೆವ ಹೇಳಿ ಜಾರಿಕೊಳ್ಳುತ್ತಿದ್ದರು. ಸುಡೆಲ್ ಹಾಗೆ ಮಾಡಲಿಲ್ಲ. ಹೌದು, ಹೊರಗಿನಿಂದ ಆಟಗಾರರನ್ನು ಕರೆಸಿದ್ದೇವೆ, ಊರಿನಲ್ಲಿ ಅವರಿಗೆ ಕೆಲಸ ಕೊಡಿಸಿದ್ದೇವೆ, ಇದು ನಾವೊಬ್ಬರೇ ಮಾಡುವುದೂ ಅಲ್ಲ ಎಂದುಬಿಟ್ಟ. ಪ್ರೆಸ್ಟನ್ ಆ ಸಲದ ಕಪ್ಪಿನಿಂದ ಹೊರಬಿತ್ತು.

ಸೋತದ್ದು ಪ್ರೆಸ್ಟನ್, ಅಲುಗಾಡಿದ್ದು ಅಸೋಸಿಯೇಷನ್. ಆ ಅಕ್ಟೋಬರಿನಲ್ಲಿ ಉತ್ತರದ ಕ್ಲಬ್ಬುಗಳು ಒಟ್ಟಾಗಿ, ‘ಬ್ರಿಟಿಷ್ ಫುಟ್‌ಬಾಲ್ ಅಸೋಸಿಯೇಷನ್’ ಎಂಬ ಬೇರೆ ಸಂಸ್ಥೆಯನ್ನೇ ಕಟ್ಟಿಕೊಳ್ಳುತ್ತೇವೆಂದು ಬೆದರಿಸಿದವು. ಒಡೆದು ಹೋಗುವುದಕ್ಕಿಂತ ಬಗ್ಗುವುದು ಲೇಸೆಂದು ಕಂಡ ಅಸೋಸಿಯೇಷನ್, 1885ರ ಜುಲೈ 20ರಂದು ಸಂಬಳದ ಆಟವನ್ನು ಕಾನೂನುಬದ್ಧ ಮಾಡಿತು. ಕಪ್ ಪಂದ್ಯಗಳಲ್ಲಿ ಆಡುವ ವೃತ್ತಿಪರರು ಊರಿನ ಆರು ಮೈಲಿ ಸುತ್ತಿನಲ್ಲಿ ಹುಟ್ಟಿರಬೇಕು ಇಲ್ಲವೇ ಎರಡು ವರ್ಷ ನೆಲೆಸಿರಬೇಕು ಎಂಬ ಕಟ್ಟಳೆಯೇನೋ ಇತ್ತು. ಎರಡು ವರ್ಷ ಕಾಯುವ ತಾಳ್ಮೆ ಸುಡೆಲ್‌ಗೂ ಇತ್ತು.

ಆ ಕಾಯುವಿಕೆಯ ಕಾಲದಲ್ಲಿ ಡೀಪ್‌ಡೇಲಿನ ಗೋಲಿನ ಮುಂದೆ ನಿಂತವರಲ್ಲಿ ಆರ್ಥರ್ ವಾರ್ಟನ್ ಒಬ್ಬ. ಇಂದಿನ ಘಾನಾದ ಅಕ್ರಾದಲ್ಲಿ ಹುಟ್ಟಿದ ಈತ 1886ರಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ 100 ಗಜವನ್ನು 10 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ್ದ. ಪ್ರೆಸ್ಟನ್ 1887ರ ಕಪ್ ಸೆಮಿಫೈನಲ್ ತಲುಪಿದಾಗ ಗೋಲಿಯಾಗಿದ್ದವನು ಇವನೇ. ಓಟದ ಕಡೆ ಮನಸ್ಸು ಹರಿದು ಪ್ರೆಸ್ಟನ್ ಬಿಟ್ಟ, ಅಜೇಯ ಋತುವಿನ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮುಂದೆ ಬೇರೆ ಕ್ಲಬ್ಬಿಗೆ ಸಂಬಳಕ್ಕೆ ಆಡಿ, ಇಂಗ್ಲೆಂಡಿನ ಮೊದಲ ಕರಿಯ ವೃತ್ತಿಪರ ಫುಟ್‌ಬಾಲಿಗರ ಸಾಲಿನಲ್ಲಿ ನೆನಪಾಗಿ ಉಳಿದ.

1887ರ ಅಕ್ಟೋಬರ್ 15ರಂದು ಕಪ್ಪಿನ ಮೊದಲ ಸುತ್ತಿನಲ್ಲಿ ಪ್ರೆಸ್ಟನ್ ಹೈಡ್ ಎಂಬ ತಂಡವನ್ನು 26-0ರಿಂದ ಸೋಲಿಸಿತು. ಇಂಗ್ಲೆಂಡಿನ ದೊಡ್ಡ ಸ್ಪರ್ಧೆಗಳಲ್ಲಿ ಇಷ್ಟು ಅಂತರದ ಗೆಲುವು ಆಮೇಲೆ ಯಾರಿಗೂ ದಕ್ಕಿಲ್ಲ. ಓವಲ್‌ನ ಫೋಟೊ ಆಸೆ ಹುಟ್ಟಿದ್ದು ಇಂಥ ಗೆಲುವುಗಳ ಅಮಲಿನಲ್ಲಿ.

ಸಂಬಳ ಕಾನೂನುಬದ್ಧವಾದದ್ದೇ ಹೊಸ ತಲೆನೋವು ತಂದಿತು. ಸಂಬಳ ವಾರವಾರವೂ ಕೊಡಬೇಕು, ಆದಾಯಕ್ಕೆ ಗ್ಯಾರಂಟಿಯಿಲ್ಲ. ಕಪ್ಪಿನಲ್ಲಿ ಒಮ್ಮೆ ಸೋತರೆ ಅಲ್ಲಿಗೆ ಮುಗಿಯಿತು. ಉಳಿದವು ಸ್ನೇಹಪರ ಪಂದ್ಯಗಳು. ಬರುತ್ತೇವೆಂದ ತಂಡ ಕೊನೆ ಗಳಿಗೆಯಲ್ಲಿ ಕೈಕೊಡುತ್ತಿತ್ತು, ಬಂದರೂ ಅರೆಬರೆ ತಂಡ ಕಟ್ಟಿಕೊಂಡು ಬರುತ್ತಿತ್ತು. ಟಿಕೆಟ್ಟಿಗೆ ದುಡ್ಡು ತೆತ್ತ ಜನ ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಇದಕ್ಕೆ ಮದ್ದು ಹುಡುಕಿದವನು ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಸ್ಕಾಟ್, ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್. ದೊಡ್ಡ ಕ್ಲಬ್ಬುಗಳು ಪ್ರತಿವರ್ಷ ಒಬ್ಬರ ಊರಿಗೊಬ್ಬರು ಹೋಗಿ ಎರಡೆರಡು ಪಂದ್ಯ ಆಡಲೇಬೇಕೆಂಬ ಒಪ್ಪಂದ ಮಾಡಿಕೊಳ್ಳೋಣ ಎಂದು 1888ರ ಮಾರ್ಚ್ 2ರಂದು ಆತ ಪತ್ರ ಬರೆದ. ಈ ಯೋಚನೆ ಅವನಿಗೆ ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ನೋಡಿ ಬಂತೋ, ಅಮೆರಿಕದ ಬೇಸ್‌ಬಾಲ್ ಲೀಗ್ ನೋಡಿ ಬಂತೋ ಎಂಬುದು ಇಂದಿಗೂ ಚರ್ಚೆಯ ವಿಷಯ.

ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿ ಕೂಟ ಗಟ್ಟಿಯಾಯಿತು. ಮೆಕ್‌ಗ್ರೆಗರ್ ಸೂಚಿಸಿದ ಹೆಸರು ರಗ್ಬಿ ಯೂನಿಯನ್ನಿನ ಹೆಸರಿಗೆ ತೀರ ಹತ್ತಿರವಿತ್ತು. ‘ಫುಟ್‌ಬಾಲ್ ಲೀಗ್’ ಸಾಕು ಎಂದ ಸುಡೆಲ್, ಅದೇ ನಿಂತಿತು. ಸೇರಿದ್ದು ಹನ್ನೆರಡು ಕ್ಲಬ್ಬು. ಆರು ಲ್ಯಾಂಕಶೈರ್‌ನವು: ಪ್ರೆಸ್ಟನ್, ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್, ಬರ್ನ್‌ಲಿ, ಅಕ್ರಿಂಗ್ಟನ್, ಎವರ್ಟನ್. ಆರು ಮಿಡ್‌ಲ್ಯಾಂಡ್ಸ್‌ನವು: ಆಸ್ಟನ್ ವಿಲ್ಲಾ, ವುಲ್ವರ್‌ಹ್ಯಾಂಪ್ಟನ್, ವೆಸ್ಟ್ ಬ್ರಾಮ್‌ವಿಚ್, ಸ್ಟೋಕ್, ಡರ್ಬಿ ಕೌಂಟಿ, ನಾಟ್ಸ್ ಕೌಂಟಿ. ಲಂಡನ್ನಿನಿಂದ ಒಂದೂ ಇಲ್ಲ. ಲೀಗಿನ ಖಜಾಂಚಿಯಾಗಿ ಆರಿಸಿದ್ದು ಸುಡೆಲ್‌ನನ್ನು. ಹಣಕಾಸು ಬಲ್ಲ ಗಿರಣಿ ಮ್ಯಾನೇಜರ್ ಇರುವಾಗ ಬೇರೆ ಯಾರನ್ನು ಹುಡುಕುವುದು?

ಸೆಪ್ಟೆಂಬರ್ 8ರಂದು ಐದು ಊರುಗಳಲ್ಲಿ ಲೀಗ್ ಶುರುವಾಯಿತು. ಡೀಪ್‌ಡೇಲಿನಲ್ಲಿ ಬರ್ನ್‌ಲಿ ತಂಡ ತಡವಾಗಿ ಬಂದದ್ದರಿಂದ ಆಟವೂ ತಡವಾಯಿತು. ಮೂರನೇ ನಿಮಿಷಕ್ಕೇ ಪ್ರೆಸ್ಟನ್ ಗೋಲು ಹೊಡೆಯಿತು, 5-2ರಿಂದ ಗೆದ್ದಿತು. ಲೀಗ್ ಇತಿಹಾಸದ ಮೊಟ್ಟಮೊದಲ ಗೋಲು ಪ್ರೆಸ್ಟನ್ನಿನ ಜ್ಯಾಕ್ ಗಾರ್ಡನ್‌ನದೆಂದು ಬಹುಕಾಲ ಪುಸ್ತಕಗಳಲ್ಲಿತ್ತು. ಇನ್ನು ಕೆಲವರು ವಿಲ್ಲಾದ ಗೆರ್ಶಮ್ ಕಾಕ್ಸ್ ತನ್ನದೇ ಗೋಲಿಗೆ ಹೊಡೆದುಕೊಂಡದ್ದೇ ಮೊದಲನೆಯದು ಎಂದರು. ಆ ದಿನದ ಪಂದ್ಯಗಳು ಯಾವ್ಯಾವ ಊರಿನಲ್ಲಿ ಎಷ್ಟು ಗಂಟೆಗೆ ಶುರುವಾದವೆಂದು ಹಳೆಯ ಪತ್ರಿಕೆಗಳನ್ನು ಜಾಲಾಡಿದ ಸಂಶೋಧಕರು 2013ರಲ್ಲಿ ಆ ಗೌರವವನ್ನು ಬೋಲ್ಟನ್ನಿನ ಕೆನ್ನಿ ಡೇವನ್‌ಪೋರ್ಟ್‌ಗೆ ವರ್ಗಾಯಿಸಿದರು. ಪಾಪ, ಬೋಲ್ಟನ್ ಆ ಪಂದ್ಯವನ್ನು 3-6ರಿಂದ ಸೋತಿತ್ತು.

ಆ ಕಾಲಕ್ಕೆ ಲೀಗ್ ಎಂಬುದು ಎಷ್ಟು ಹಸಿಹಸಿಯಾಗಿತ್ತು ಎಂಬುದಕ್ಕೆ ಅಕ್ಟೋಬರ್ 6ರ ಪಂದ್ಯ ನೋಡಬೇಕು. ಸ್ಟೋಕ್ ತಂಡ ಡೀಪ್‌ಡೇಲಿಗೆ ಬಂದಾಗ ಇದ್ದವರು ಒಂಬತ್ತೇ ಮಂದಿ. ಪ್ರೆಸ್ಟನ್ ತನ್ನ ಮೀಸಲು ತಂಡದಿಂದ ಇಬ್ಬರನ್ನು ಕಡ ಕೊಟ್ಟಿತು. ನೆರೆಮನೆಗೆ ಸಕ್ಕರೆ ಕೊಟ್ಟಂತೆ ಆಟಗಾರರನ್ನು ಕೊಟ್ಟು, ಅದೇ ತಂಡದ ಮೇಲೆ ಏಳು ಗೋಲು ಹೊಡೆಯಿತು. ಅಷ್ಟೇ ಅಲ್ಲ, ಗೆದ್ದರೆ ಎಷ್ಟು ಅಂಕ, ಡ್ರಾ ಆದರೆ ಎಷ್ಟು ಎಂಬುದೇ ತೀರ್ಮಾನವಾಗದೆ ಆಟಗಳು ನಡೆದಿದ್ದವು. ಗೆಲುವಿಗೆ ಎರಡು, ಡ್ರಾಗೆ ಒಂದು ಎಂದು ಗೊತ್ತುಮಾಡಿದ್ದು ನವೆಂಬರಿನಲ್ಲಿ. ಡ್ರಾಗೆ ಏನೂ ಕೊಡಬಾರದು ಎಂದವರೂ ಇದ್ದರು.

ಯಾವ ಲೆಕ್ಕ ಹಾಕಿದರೂ ಮೇಲಿದ್ದದ್ದು ಪ್ರೆಸ್ಟನ್. ಮೊದಲ ಆರು ಪಂದ್ಯಗಳನ್ನು ಗೆದ್ದು, ಅಕ್ಟೋಬರ್ 20ರಂದು ಅಕ್ರಿಂಗ್ಟನ್ನಿನಲ್ಲಿ ಗೋಲಿಲ್ಲದ ಡ್ರಾದಲ್ಲಿ ಮೊದಲ ಅಂಕ ಕಳೆದುಕೊಂಡಿತು. ನವೆಂಬರಿನಲ್ಲಿ ನಾಟ್ಸ್ ಕೌಂಟಿಯ ಊರಿಗೇ ಹೋಗಿ 7-0ರಿಂದ ಗೆದ್ದಿತು. ಡೀಪ್‌ಡೇಲಿನಲ್ಲಿ ಅದನ್ನು ತಡೆದು ನಿಲ್ಲಿಸಿದ್ದು ಆಸ್ಟನ್ ವಿಲ್ಲಾ ಒಂದೇ, 1-1. ಬರ್ನ್‌ಲಿ ಮತ್ತು ಬ್ಲ್ಯಾಕ್‌ಬರ್ನ್‌ನಲ್ಲಿ ತಲಾ 2-2. ಇಷ್ಟೇ ಅದರ ಕೊರತೆಗಳು. ಓವಲ್‌ನಲ್ಲಿ ನಗೆಪಾಟಲು ಮಾಡಿದ್ದ ವೆಸ್ಟ್ ಬ್ರಾಮ್‌ವಿಚ್ ಎರಡೂ ಪಂದ್ಯಗಳಲ್ಲಿ ಸೋತಿತು.

ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು: 2-3-5ರ ಜೋಡಣೆ ಆಗ ಬೇರೂರುತ್ತಿತ್ತು. ಪ್ರೆಸ್ಟನ್ನಿನಲ್ಲಿ ಆ ಐವರ ನಡುವಿನವನು ಜಾನ್ ಗುಡಾಲ್. ಸ್ಕಾಟಿಷ್ ತಂದೆತಾಯಿಗೆ ಲಂಡನ್ನಿನಲ್ಲಿ ಹುಟ್ಟಿ ಸ್ಕಾಟ್ಲೆಂಡಿನ ಕಿಲ್ಮಾರ್ನಕ್‌ನಲ್ಲಿ ಬೆಳೆದವನು, ಹುಟ್ಟಿದ ಜಾಗದ ಕಾರಣಕ್ಕೆ ಇಂಗ್ಲೆಂಡಿಗೆ ಆಡಿದವನು. ತಂದೆ ಸೈನಿಕನಾಗಿದ್ದರಿಂದ ತಮ್ಮ ಆರ್ಚಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಐರ್ಲೆಂಡಿಗೆ ಆಡಿದ. ಜಾನ್ ಆ ಋತುವಿನ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದ. 20 ಎಂದು ಕೆಲವು ಪುಸ್ತಕಗಳು, 21 ಎಂದು ಕೆಲವು. ಎದುರಾಳಿಯನ್ನು ನೆಲಕ್ಕೆ ಕೆಡಹುವುದೇ ಆಟವಾಗಿದ್ದ ಕಾಲದಲ್ಲಿ ಅವನ ಮರ್ಯಾದೆಯ ಆಟ ನೋಡಿ ಜನ ಅವನನ್ನು ‘ಆಲ್‌ಗುಡ್’ ಎಂದು ಕರೆಯುತ್ತಿದ್ದರು. ಅವನ ಪಕ್ಕದಲ್ಲಿ ಜಿಮ್ಮಿ ರಾಸ್. ಎಡಗಡೆ ಫ್ರೆಡ್ ಡ್ಯೂಹರ್ಸ್ಟ್, ಕಾಸು ಮುಟ್ಟದ ಹವ್ಯಾಸಿ, ಊರಿನದೇ ಶಾಲೆಯ ಮೇಷ್ಟ್ರು. ಹಿಂದೆ ಕಾಯುತ್ತಿದ್ದ ಬಾಬ್ ಹೊವಾರ್ತ್ ವಕೀಲಿ ವೃತ್ತಿಯವನು. ಗೋಲಿಯಾಗಿ ಲೀಗಿನಲ್ಲಿ ಹೆಚ್ಚಾಗಿ ಆಡಿದ್ದು ಜಿಮ್ಮಿ ಟ್ರೇನರ್, ಕಪ್ ಫೈನಲಿನಲ್ಲಿ ನಿಂತದ್ದು ಡಾಕ್ಟರ್ ಮಿಲ್ಸ್-ರಾಬರ್ಟ್ಸ್. ಇಬ್ಬರೂ ವೇಲ್ಸ್‌ನವರು. ಕೂಲಿಗೆ ಬಂದ ಸ್ಕಾಟರ ತಂಡ ಎಂದು ದಕ್ಷಿಣದವರು ಮೂಗು ಮುರಿಯುತ್ತಿದ್ದರು, ಆದರೆ ಅಲ್ಲಿ ಮೇಷ್ಟ್ರು, ವಕೀಲ, ಡಾಕ್ಟರು ಎಲ್ಲರೂ ಇದ್ದರು.

ಇಲ್ಲದವನು ನಿಕ್ ರಾಸ್ ಒಬ್ಬನೇ. ಇಷ್ಟು ವರ್ಷ ತಂಡವನ್ನು ಮುನ್ನಡೆಸಿದ್ದ ನಾಯಕ ಸರಿಯಾಗಿ ಅದೇ ವರ್ಷ ಹೆಚ್ಚಿನ ಸಂಬಳಕ್ಕೆ ಎವರ್ಟನ್ನಿಗೆ ಹೋಗಿದ್ದ. ಎವರ್ಟನ್ ಎಂಟನೆಯದಾಗಿ ಮುಗಿಸಿತು. ಮರುವರ್ಷ ಆತ ಪ್ರೆಸ್ಟನ್ನಿಗೇ ಮರಳಿದ.

ಜನವರಿಯ ಆರಂಭದಲ್ಲೇ ಲೀಗ್ ಪ್ರೆಸ್ಟನ್ನಿನ ಕೈಸೇರಿತು. ಫೆಬ್ರುವರಿಯಲ್ಲಿ ವಿಲ್ಲಾವನ್ನು ಅದರ ಊರಿನಲ್ಲೇ ಸೋಲಿಸುವುದರೊಂದಿಗೆ ಲೆಕ್ಕ ಮುಕ್ತಾಯವಾಯಿತು: 22 ಪಂದ್ಯ, 18 ಗೆಲುವು, 4 ಡ್ರಾ, ಸೋಲು ಸೊನ್ನೆ. ಹೊಡೆದ ಗೋಲು 74, ಬಿಟ್ಟದ್ದು 15, ಅಂಕ 40. ಎರಡನೆಯದಾದ ವಿಲ್ಲಾಕ್ಕೆ 29.

ಕಪ್ ಇನ್ನೂ ಬಾಕಿಯಿತ್ತು. ಬೂಟ್ಲ್, ಗ್ರಿಮ್ಸ್‌ಬಿ, ಬರ್ಮಿಂಗ್‌ಹ್ಯಾಮ್ ಸೇಂಟ್ ಜಾರ್ಜಸ್ ತಂಡಗಳನ್ನು ದಾಟಿ ಬಂದ ಪ್ರೆಸ್ಟನ್ನಿಗೆ ಶೆಫೀಲ್ಡಿನ ಬ್ರಾಮಲ್ ಲೇನ್ ಮೈದಾನದ ಸೆಮಿಫೈನಲಿನಲ್ಲಿ ಎದುರಾದದ್ದು ಮತ್ತೆ ವೆಸ್ಟ್ ಬ್ರಾಮ್‌ವಿಚ್. ಒಂದೇ ಗೋಲು, ಗೆಲುವು. 1889ರ ಮಾರ್ಚ್ 30ರಂದು ಅದೇ ಓವಲ್, ಅದೇ ರೆಫರಿ ಮ್ಯಾರಿಂಡಿನ್. 22 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಕಾಲು ಗಂಟೆಯಲ್ಲಿ ನಾಯಕ ಡ್ಯೂಹರ್ಸ್ಟ್, ಹತ್ತು ನಿಮಿಷದ ಮೇಲೆ ಜಿಮ್ಮಿ ರಾಸ್, ಉತ್ತರಾರ್ಧದಲ್ಲಿ ಸ್ಯಾಮ್ ಥಾಮ್ಸನ್ ಗೋಲು ಹೊಡೆದರು. ವುಲ್ವರ್‌ಹ್ಯಾಂಪ್ಟನ್ 0-3ರಿಂದ ಸೋತಿತು. ಕಪ್ಪಿನ ಐದು ಪಂದ್ಯಗಳಲ್ಲಿ ಪ್ರೆಸ್ಟನ್ 11 ಗೋಲು ಹೊಡೆದಿತ್ತು, ತಿಂದಿರಲಿಲ್ಲ. ಈ ಸಲ ಕೆಸರು ಮೆತ್ತಿದ ಬಟ್ಟೆಯಲ್ಲೇ ಕಪ್ ಹಿಡಿದರೂ ಯಾರೂ ಬೇಡವೆನ್ನುವಂತಿರಲಿಲ್ಲ.

ಒಂದೇ ವರ್ಷ ಲೀಗು, ಕಪ್ಪು ಎರಡನ್ನೂ ಗೆಲ್ಲುವ ‘ಡಬಲ್’ ಸಾಧನೆಗಳಲ್ಲಿ ಇದೇ ಮೊದಲನೆಯದು. 1897ರಲ್ಲಿ ವಿಲ್ಲಾ ಅದನ್ನು ಮತ್ತೆ ಮಾಡಿತು. ಅಲ್ಲಿಂದ ಮುಂದೆ 1961ರ ಟಾಟನ್‌ಹ್ಯಾಮ್ ತನಕ ಯಾರಿಗೂ ಆಗಲಿಲ್ಲ.

ಪ್ರೆಸ್ಟನ್ ಶಿಖರದಿಂದ ಇಳಿಯುವ ದಾರಿ ಅದೇ ಬೇಸಿಗೆಯಲ್ಲೇ ತೆರೆದುಕೊಂಡಿತು. ಗೋಲಿನ ಸರದಾರ ಜಾನ್ ಗುಡಾಲ್ ಡರ್ಬಿ ಕೌಂಟಿಗೆ ಹೊರಟ. ಆಟದ ಸಂಬಳದ ಜೊತೆಗೆ ಪಬ್ ನಡೆಸುವ ಅವಕಾಶವೂ ಅಲ್ಲಿ ಕಾದಿತ್ತು. 1889-90ರಲ್ಲಿ ಪ್ರೆಸ್ಟನ್ ಮತ್ತೆ ಲೀಗ್ ಗೆದ್ದಿತು. ನಂತರ ಸತತ ಮೂರು ವರ್ಷ ಎರಡನೇ ಸ್ಥಾನ, ಮೊದಲು ಎವರ್ಟನ್ನಿನ ಹಿಂದೆ, ಆಮೇಲೆ ಎರಡು ಸಲ ಸಂಡರ್‌ಲ್ಯಾಂಡಿನ ಹಿಂದೆ. ಬಂದರು, ಹಡಗುಕಟ್ಟೆ, ಕಲ್ಲಿದ್ದಲಿನ ದೊಡ್ಡ ಊರುಗಳು ಈಗ ಎಚ್ಚೆತ್ತಿದ್ದವು. ಸ್ಕಾಟ್ಲೆಂಡಿನ ದಾರಿ ಅವಕ್ಕೂ ಗೊತ್ತಾಗಿತ್ತು, ಗೇಟಿನಲ್ಲಿ ಬೀಳುವ ದುಡ್ಡು ಪ್ರೆಸ್ಟನ್ನಿಗಿಂತ ಹೆಚ್ಚಿತ್ತು. ಸುಡೆಲ್ ಹೋರಾಡಿ ತಂದ ವೃತ್ತಿಪರತೆ ಅವನ ಊರಿನಂಥ ಸಣ್ಣ ಊರುಗಳಿಗೇ ಮುಳುವಾಗುತ್ತ ಬಂತು. ಮೊದಲ ಅಂಕ ಕಿತ್ತುಕೊಂಡಿದ್ದ ಅಕ್ರಿಂಗ್ಟನ್ 1893ರಲ್ಲಿ ಲೀಗ್ ಬಿಟ್ಟಿತು, 1896ರಲ್ಲಿ ಬಾಗಿಲು ಹಾಕಿತು.

1893ರಲ್ಲೇ ಪ್ರೆಸ್ಟನ್ ಕ್ಲಬ್ ಲಿಮಿಟೆಡ್ ಕಂಪನಿಯಾಗಿ ಬದಲಾಯಿತು, ಸುಡೆಲ್ ಹೊರಗಾದ. ಎರಡು ವರ್ಷಗಳ ನಂತರ ಗಿರಣಿಯ ಖಾತೆಗಳು ಮಾತಾಡತೊಡಗಿದವು. ಮಾಲೀಕರ ಹಣ ಲಪಟಾಯಿಸಿದ ಆರೋಪದ ಮೇಲೆ ಸುಡೆಲ್ ಬಂಧನವಾಯಿತು. 1895ರಲ್ಲಿ ನ್ಯಾಯಾಲಯ 5,326 ಪೌಂಡಿನ ಲೆಕ್ಕಕ್ಕೆ ಆತ ತಪ್ಪಿತಸ್ಥ ಎಂದು ಹೇಳಿ ಮೂರು ವರ್ಷ ಜೈಲು ವಿಧಿಸಿತು. ಲಂಡನ್ನಿನ ದೊಡ್ಡ ಮನುಷ್ಯರೆದುರು ಆಟಗಾರರ ವಿಷಯದಲ್ಲಿ ಒಂದನ್ನೂ ಮುಚ್ಚಿಡದೆ ಹೇಳಿದವನು, ತನ್ನ ಗಿರಣಿಯ ಮೇಜಿನ ಮೇಲೆ ವರ್ಷಗಟ್ಟಲೆ ಲೆಕ್ಕ ಮುಚ್ಚಿಟ್ಟಿದ್ದ.

ಆ ಹಣದಲ್ಲಿ ಎಷ್ಟು ಫುಟ್‌ಬಾಲಿಗೆ ಸುರಿಯಿತು, ಎಷ್ಟು ಅವನ ಧಾರಾಳದ ಬದುಕಿಗೆ ಖರ್ಚಾಯಿತು ಎಂಬ ಬಗ್ಗೆ ಬರೆದವರಲ್ಲಿ ಎರಡು ಪಂಗಡಗಳಿವೆ. ತನಗೊಂದು ಕಾಸೂ ಇಟ್ಟುಕೊಳ್ಳದೆ ಊರಿನ ಹೆಸರಿಗಾಗಿ ಹಾಳಾದ ಎಂದು ಮರುಗುವವರಿದ್ದಾರೆ. ಔತಣ, ಆತಿಥ್ಯ, ದರ್ಬಾರು ಎಲ್ಲವನ್ನೂ ಪರರ ದುಡ್ಡಿನಲ್ಲಿ ನಡೆಸಿದ ಎನ್ನುವವರೂ ಇದ್ದಾರೆ. ಗೇಟಿನ ಹಣ, ಸಂಬಳದ ಪಟ್ಟಿ ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಅಂಥ ತಂಡವನ್ನು ಪ್ರೆಸ್ಟನ್ ಗಾತ್ರದ ಊರು ಬಹುಕಾಲ ಸಾಕುವಂತಿರಲಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಪರರ ದುಡ್ಡಲ್ಲವಾದರೂ ಗೇಟಿನಾಚೆಯ ದುಡ್ಡಿನಿಂದ ತಂಡ ಸಾಕುವುದು ಆಮೇಲಿನ ಇಂಗ್ಲಿಷ್ ಫುಟ್‌ಬಾಲಿಗೆ ಹೊಸದಾಗಿ ಉಳಿಯಲಿಲ್ಲ.

ಬಿಡುಗಡೆಯಾದ ಮೇಲೆ ಸುಡೆಲ್ ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ಹಡಗು ಹತ್ತಿದ. ಅಲ್ಲಿ ಪತ್ರಿಕೆಗೆ ಕ್ರೀಡಾ ವರದಿ ಬರೆಯುತ್ತ ಬದುಕಿ 1911ರಲ್ಲಿ ತೀರಿಕೊಂಡ. ಅವನ ಹುಡುಗರಲ್ಲಿ ಹಲವರು ಅದಕ್ಕೂ ಮೊದಲೇ ಹೋಗಿದ್ದರು. ನಿಕ್ ರಾಸ್ 1894ರಲ್ಲಿ ಕ್ಷಯಕ್ಕೆ ಬಲಿಯಾದಾಗ 31 ವರ್ಷ. ಮರುವರ್ಷ ಡ್ಯೂಹರ್ಸ್ಟ್. 1902ರಲ್ಲಿ ಜಿಮ್ಮಿ ರಾಸ್. ಕೆಲಸ, ಕೂಲಿ, ಆಟ ಎಲ್ಲಕ್ಕೂ ದೇಹವನ್ನೇ ಒತ್ತೆಯಿಡುತ್ತಿದ್ದ ಕಾಲ ಅದು.

1890ರ ನಂತರ ಪ್ರೆಸ್ಟನ್ ಲೀಗಿನ ಮೇಲಿನ ವಿಭಾಗವನ್ನು ಗೆದ್ದಿಲ್ಲ. 1938ರಲ್ಲಿ ಕಪ್ ಬಂತು. ಎರಡನೇ ಮಹಾಯುದ್ಧದ ನಂತರ, ಕಸುಬಿನಿಂದ ಪ್ಲಂಬರ್ ಆಗಿದ್ದ ಟಾಮ್ ಫಿನ್ನಿಯ ಆಟ ನೋಡಲು ಜನ ಡೀಪ್‌ಡೇಲಿಗೆ ಮುಗಿಬಿದ್ದರು. ಆತ 1960ರಲ್ಲಿ ನಿವೃತ್ತನಾದ, ಮರುವರ್ಷವೇ ತಂಡ ಕೆಳಗಿನ ವಿಭಾಗಕ್ಕೆ ಜಾರಿತು. ಮೊದಲ ದರ್ಜೆಗೆ ಮತ್ತೆ ಏರಿಲ್ಲ. ಇತಿಹಾಸದ ಬಲದಿಂದ 2001ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯ ಡೀಪ್‌ಡೇಲಿನಲ್ಲೇ ತೆರೆಯಿತು. 2012ರಲ್ಲಿ ಅದೂ ಮ್ಯಾಂಚೆಸ್ಟರಿಗೆ ಹೋಯಿತು, ಒಂದು ಕಾಲದ ಆಟಗಾರರ ಹಾಗೇ, ದೊಡ್ಡ ಊರಿಗೆ.

2003-04ರಲ್ಲಿ ಆರ್ಸೆನಲ್ 38 ಪಂದ್ಯಗಳಲ್ಲಿ 26 ಗೆದ್ದು 12 ಡ್ರಾ ಮಾಡಿ, ಸೋಲಿಲ್ಲದೆ ಪ್ರೀಮಿಯರ್ ಲೀಗ್ ಗೆದ್ದಾಗ ಪತ್ರಿಕೆಗಳು ಹಳೆಯ ಕಡತ ತೆಗೆದವು. ಮೇಲಿನ ವಿಭಾಗದಲ್ಲಿ ಅಂಥದ್ದು ಅದಕ್ಕೆ ಮುಂಚೆ ಆಗಿದ್ದು ಒಂದೇ ಸಲ, 115 ವರ್ಷ ಹಿಂದೆ. 22 ಪಂದ್ಯವನ್ನು 38ರ ಜೊತೆ ತೂಗುವುದು ಸರಿಯೇ ಎಂದು ಕೆಲವರು ಕೇಳಿದರು. ಆರ್ಸೆನಲ್ ಆ ವರ್ಷ ಕಪ್ಪಿನ ಸೆಮಿಫೈನಲಿನಲ್ಲಿ ಸೋತಿತ್ತಲ್ಲ ಎಂದು ಪ್ರೆಸ್ಟನ್ನಿನ ಪರ ವಹಿಸಿದವರು ನೆನಪಿಸಿದರು. ಆ ಚರ್ಚೆ ನಡೆಯುವಾಗ ಪ್ರೆಸ್ಟನ್ ಎರಡನೇ ದರ್ಜೆಯಲ್ಲಿ ಆಡುತ್ತಿತ್ತು.

ಡೀಪ್‌ಡೇಲಿನಲ್ಲಿ ಇಂದಿಗೂ ಅದೇ ನೆಲದ ಮೇಲೆ ಆಟ ನಡೆಯುತ್ತದೆ. 2008ರಲ್ಲಿ ಕಟ್ಟಿ ಮುಗಿಸಿದ ಪ್ರೇಕ್ಷಕರ ಸ್ಟ್ಯಾಂಡಿಗೆ ‘ಇನ್‌ವಿನ್ಸಿಬಲ್ಸ್ ಪೆವಿಲಿಯನ್’, ಅಂದರೆ ಅಜೇಯರ ಪೆವಿಲಿಯನ್, ಎಂದು ಹೆಸರು. ಎದುರಿಗೆ, ಹತ್ತಿ ಬಾರದ ವರ್ಷಗಳಲ್ಲಿ ಕೆಲಸ ಕಳೆದುಕೊಂಡ ನೇಕಾರರು ಗುದ್ದಲಿ ಹಿಡಿದು ಮಾಡಿದ ಮೂರ್ ಪಾರ್ಕ್ ಈಗಲೂ ಹಸಿರಾಗಿದೆ.